ಮಸ್ಕತ್ತಿನಲ್ಲಿ ಬಾಣಂತನ

ಹನಗೋಡಿನ ಚಿಕ್ಕಮಾದಮ್ಮನಿಗೆ ಈ ಲೋಕದಲ್ಲಿ ಇದ್ದದ್ದು ಒಬ್ಬನೇ ಶತ್ರು, ಥಂಡಿ. ಬೇಲಿ ಸರಿಸಿದ ಪಕ್ಕದ ಮನೆಯವರ ಮೇಲೆ ಇವತ್ತು ರೇಗಿದರೆ ನಾಳೆ ಅವರ ಮನೆಗೇ ಸೊಪ್ಪಿನ ಸಾರು ಕಳಿಸುವ ಹೆಂಗಸು ಅವಳು. ಥಂಡಿಯ ವಿಷಯದಲ್ಲಿ ಮಾತ್ರ ರಾಜಿಯ ಮಾತೇ ಇಲ್ಲ. ಬಾಗಿಲ ಸಂದಿಯಿಂದ ಚೂರು ಗಾಳಿ ಒಳಗೆ ಬಂದರೂ ಎದ್ದುಹೋಗಿ ಗೋಣಿಚೀಲ ತುರುಕಿ ಬರುತ್ತಿದ್ದಳು.

ಅವಳ ಕೆಲಸವೂ ಅಂಥದ್ದೇ. ಹನಗೋಡಿನ ಸುತ್ತಿನಲ್ಲಿ ಯಾರ ಮನೆಯಲ್ಲಿ ಮಗು ಹುಟ್ಟಿದರೂ ನೀರು ಹಾಕುವುದಕ್ಕೆ ಅವಳೇ ಬರಬೇಕು. ಈಗ ಹೆರಿಗೆಯೆಲ್ಲ ಹುಣಸೂರಿನ ಆಸ್ಪತ್ರೆಯಲ್ಲಿ, ಅದು ಸರಿ. ಆದರೆ ಮನೆಗೆ ಬಂದ ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎಣ್ಣೆ ತೀಡಿ ನೀರು ಹುಯ್ಯುವುದಕ್ಕೆ ಡಾಕ್ಟರು ಬರುತ್ತಾರೆಯೇ? ಅದಕ್ಕೆ ಚಿಕ್ಕಮಾದಮ್ಮನೇ ಆಗಬೇಕು. ಹೊತ್ತು ಮೂಡುವ ಮೊದಲೇ ಹೋಗಿ ಹಂಡೆಯ ಒಲೆಗೆ ಬೆಂಕಿ ಹಾಕುವಳು. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಸೀರೆಯನ್ನು ಮಂಡಿಯ ತನಕ ಎತ್ತಿಕಟ್ಟಿ, ಎರಡೂ ಕಾಲು ನೀಡಿ, ಕಣಕಾಲುಗಳ ಮೇಲೆ ಮಗುವನ್ನು ಮಲಗಿಸಿಕೊಳ್ಳುವಳು. ನೀರಿಗೆ ಮೊಣಕೈ ಅದ್ದಿ ಹದ ನೋಡಿದ ಮೇಲೆಯೇ ಮೊದಲ ಚೊಂಬು. ಆಮೇಲೆ ಸಾಂಬ್ರಾಣಿ ಹೊಗೆ, ತಲೆಗೆ ಕುಲಾವಿ, ಮೈಗೆ ಹಳೇ ಸೀರೆಯ ಸುತ್ತು, ಅದರ ಮೇಲೊಂದು ಸುತ್ತು. ಅವಳು ಸುತ್ತಿ ಕೈಗೆ ಕೊಟ್ಟ ಮಗುವಿನಲ್ಲಿ ಮೂಗಿನ ತುದಿ ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ.

ಅವಳ ಕಾಲ ಮೇಲೆ ಮಿಂದ ಮಕ್ಕಳು ಈಗ ಮೀಸೆ ಬಂದು ತಿರುಗುತ್ತಿದ್ದಾರೆ. ಬಿಳಿಕೆರೆಯ ಹತ್ತಿರ ಬಸ್ಸು ಹತ್ತಿದರೆ ಚೇತನ್‌ಕುಮಾರ್ ಎಂಬ ಕಂಡಕ್ಟರು, ಕಿಟಕಿ ಪಕ್ಕ ಕೂತ ಕಾಲೇಜು ಹುಡುಗನನ್ನು ಏಳಿಸಿ, "ಜಾಗ ಬುಡಪ್ಪ, ನಂಗೆ ನೀರು ಹಾಕ್ದೋರು ಕಣಪ್ಪ ಇವ್ರು" ಎಂದು ಇವಳನ್ನು ಕೂರಿಸುತ್ತಾನೆ. ಬಸ್ಸಿನಲ್ಲಿ ನಗು ಏಳುತ್ತದೆ. ಚಿಕ್ಕಮಾದಮ್ಮ ಸೆರಗು ಸರಿಮಾಡಿಕೊಂಡು, ಮಹಾರಾಣಿಯ ಗತ್ತಿನಲ್ಲಿ ಕಿಟಕಿಯ ಗಾಜು ಎಳೆದು ಮುಚ್ಚುತ್ತಾಳೆ. ಗಾಳಿ ಬರುತ್ತದಲ್ಲ, ಅದಕ್ಕೆ.

ಅವಳಿಗೆ ಒಬ್ಬಳೇ ಮಗಳು, ಮಾನಸ. ಮಾನಸಳಿಗಿಂತ ಎಷ್ಟೋ ವರ್ಷ ಮೊದಲು ಒಂದು ಮಗು ಹುಟ್ಟಿ ಹೋಗಿತ್ತು. ಅದರ ಮಾತನ್ನು ಅವಳಾಗಲಿ ಗಂಡ ದೊಡ್ಡಮಾದಯ್ಯನಾಗಲಿ ಎಂದೂ ಎತ್ತಿದವರಲ್ಲ. ಮಾನಸಳನ್ನು ಕೊಟ್ಟದ್ದು ಪಿರಿಯಾಪಟ್ಟಣದ ಕಡೆಯ ಶಂಕರನಿಗೆ. ಒಳ್ಳೆಯ ಹುಡುಗ, ಕುಡಿತ ಗಿಡಿತ ಇಲ್ಲ, ಅತ್ತೆಯನ್ನು ಕಂಡರೆ ಎದ್ದು ನಿಲ್ಲುತ್ತಾನೆ. ಆದರೆ ಅವನ ಉದ್ಯೋಗ ಏನು ಎಂದು ಕೇಳಿದ ದಿನ ಚಿಕ್ಕಮಾದಮ್ಮನ ಮುಖ ನೋಡಬೇಕಿತ್ತು. ಅವನು ಮಸ್ಕತ್ತಿನಲ್ಲಿ ಎಸಿ ಮೆಕ್ಯಾನಿಕ್. ಮನೆಮನೆಗೆ ಹೋಗಿ ಥಂಡಿ ಹಾಕಿಕೊಟ್ಟು ಬರುವವನು.

"ಅದೂ ಒಂದು ಕಸುಬಾ?" ಎಂದು ಅವಳು ಗಂಡನ ಹತ್ತಿರ ಗೊಣಗಿದ್ದಳು.

"ಅಲ್ಲಿ ಬಿಸ್ಲು ಜಾಸ್ತಿಯಂತೆ ಕಣೆ," ಎಂದ ದೊಡ್ಡಮಾದಯ್ಯ.

"ಬಿಸ್ಲು ಎಲ್ಲಿಲ್ಲ? ನಮ್ಮಲ್ಲಿ ಬೇಸ್ಗೇಲಿ ಬರಾಕಿಲ್ವಾ? ಮರದ ಕೆಳೀಕೆ ಕುಂತ್ಕಂಡ್ರೆ ಆಯ್ತಪ್ಪ."

ಹುಣಸೂರು ಸೀಮೆಯವರ ತೊಂದರೆಯೇ ಇದು. ಚಳಿ ಅಂದರೆ ಒಂದು ಕಂಬಳಿ, ಸೆಕೆ ಅಂದರೆ ಒಂದು ಮರದ ನೆರಳು, ಅಷ್ಟರಲ್ಲಿ ಮುಗಿಯುವ ಊರಲ್ಲಿ ಹುಟ್ಟಿದವರಿಗೆ ಲೋಕವೆಲ್ಲ ಹೀಗೇ ಇರುತ್ತದೆ ಎಂಬ ನಂಬಿಕೆ.

ಮಾನಸ ಬಸುರಿಯಾದಳು. ಚೊಚ್ಚಲ ಬಾಣಂತನ ತವರಲ್ಲೇ ಎಂದು ಇವರು ಮನೆಗೆ ಸುಣ್ಣ ಬಳಿಸಿ, ಹಂಡೆಗೆ ಹುಣಸೆಹಣ್ಣು ಹಾಕಿ ತಿಕ್ಕಿ ಇಟ್ಟರು. ಆದರೆ ಏಳು ತಿಂಗಳು ತುಂಬುವ ಹೊತ್ತಿಗೆ ಅವಳ ಬಿಪಿ ಏರಿತು, ವಿಮಾನ ಹತ್ತಕೂಡದು ಎಂದರು ಅಲ್ಲಿನ ಡಾಕ್ಟರು. ಚಿಕ್ಕಮಾದಮ್ಮ ಒಂದು ದಿನ ಅತ್ತಳು. ಎರಡನೇ ದಿನ ಎದ್ದು, "ಮಗಳು ತವ್ರಿಗೆ ಬರಕ್ಕಾಗ್ದಿದ್ರೆ ತವ್ರೇ ಅಲ್ಲೀಗೋಯ್ತದೆ" ಎಂದು ಚೀಲ ತುಂಬತೊಡಗಿದಳು.

ಅದೆಂಥ ತುಂಬುವಿಕೆ! ಹರಳೆಣ್ಣೆ, ಸೀಗೆಪುಡಿ, ಬಜೆ, ಬೆಳ್ಳುಳ್ಳಿ, ಮೆಣಸು, ಒಣಕೊಬ್ಬರಿ, ಸಾಂಬ್ರಾಣಿ, ಮೆತ್ತಗಾಗಿದ್ದ ತನ್ನ ಹಳೇ ಹತ್ತಿಸೀರೆಗಳ ತುಂಡು. ಅಲ್ಲೇ ಹತ್ತಿರದ ಗುರುಪುರದ ಟಿಬೆಟಿಯನ್ನರ ಅಂಗಡಿಗೆ ಹೋಗಿ ಅಂಗೈಯಗಲದ ಒಂದು ಉಣ್ಣೆ ಸ್ವೆಟರು, ಒಂದು ಉಣ್ಣೆ ಟೋಪಿ, ತನಗೊಂದು ಶಾಲು. ರಜೆ ಮುಗಿಸಿ ಮಸ್ಕತ್ತಿಗೇ ಹೊರಟಿದ್ದ ಕನಕರಾಜು ಎಂಬ ಶಂಕರನ ಸ್ನೇಹಿತ ವಿಮಾನದಲ್ಲಿ ಜೊತೆಗಿರುತ್ತೇನೆಂದಿದ್ದ. ಅವನು ಚೀಲ ಬಿಚ್ಚಿ ಗಸಗಸೆಯ ಪೊಟ್ಟಣವನ್ನು ಹೊರಗೆ ತೆಗೆದ. ಗಸಗಸೆ ಅಫೀಮಿನ ಗಿಡದ ಬೀಜ, ಅದನ್ನು ಆ ದೇಶಕ್ಕೆ ಒಯ್ಯುವಂತಿಲ್ಲವಂತೆ. ಸ್ವೆಟರನ್ನು ನೋಡಿ ಅವನಿಗೆ ನಗು ಬಂತು, ಆದರೆ ಅವಳ ಮುಖ ನೋಡಿ ನುಂಗಿಕೊಂಡ.

ವೀಸಾ ಕೈಗೆ ಬರುವಷ್ಟರಲ್ಲಿ ಅಲ್ಲಿ ಮಗಳಿಗೆ ಹೆರಿಗೆಯೇ ಆಗಿ ಹೆಣ್ಣುಮಗು ಹುಟ್ಟಿತು. ಹೊರಟ ದಿನ ಹನಗೋಡಿನಲ್ಲಿ ಆಷಾಢದ ಜಡಿಮಳೆ ಹಿಡಿದಿತ್ತು. ಮಸ್ಕತ್ತಿನ ವಿಮಾನ ನಿಲ್ದಾಣದ ಗಾಜಿನ ಬಾಗಿಲು ತೆರೆದುಕೊಂಡಾಗ ಚಿಕ್ಕಮಾದಮ್ಮ ಒಂದು ಹೆಜ್ಜೆ ಹಿಂದಕ್ಕೆ ಬಂದಳು. ಊರಲ್ಲಿ ಹೊಗೆಸೊಪ್ಪನ್ನು ಬೆಂಕಿಯ ಕಾವಿಗೆ ಬೇಯಿಸುವ ಬ್ಯಾರನ್ ಕೋಣೆಯ ಬಾಗಿಲು ತೆಗೆದಾಗ ಮುಖಕ್ಕೆ ಹೊಡೆಯುತ್ತದಲ್ಲ, ಅದೇ ಬಿಸಿ. ಬ್ಯಾರನ್ನಾದರೆ ಬಾಗಿಲು ಹಾಕಿ ಈಚೆ ಬರಬಹುದು. ಇಲ್ಲಿ ಈಚೆ ಎಂಬುದೇ ಇರಲಿಲ್ಲ.

"ಯಾರೋ ಬೆಂಕಿ ಆಕವ್ರೇನಪ್ಪ ಇಲ್ಲಿ?" ಎಂದು ಕೇಳಿದಳು.

"ಇಲ್ಲ ಅತ್ತೆ, ಇಲ್ಲಿ ಹವಾನೇ ಇಂಗೆ," ಎಂದ ಕರೆದೊಯ್ಯಲು ಬಂದಿದ್ದ ಶಂಕರ, ಅವಳ ಚೀಲ ತೆಗೆದುಕೊಂಡು. ಕಾರಿನ ಬಾಗಿಲಿಗೆ ಅವಳು ಕೈ ಹಾಕಿದ ಕೂಡಲೇ ಸುಟ್ಟಂತಾಗಿ ಎಳೆದುಕೊಂಡಳು. ಅವನು ಕರವಸ್ತ್ರ ಸುತ್ತಿ ಬಾಗಿಲು ತೆರೆದುಕೊಟ್ಟ.

ಮನೆಯೊಳಗೆ ಹೋದರೆ ಇನ್ನೊಂದು ಅವತಾರ. ಅಲ್ಲಿ ಚಳಿ. ಮಾನಸ ಆಸ್ಪತ್ರೆಯಿಂದ ಮನೆಗೆ ಬಂದು ಮಗುವನ್ನು ಪಕ್ಕದಲ್ಲಿ ಮಲಗಿಸಿಕೊಂಡಿದ್ದಾಳೆ, ಗೋಡೆಯ ಮೇಲಿನ ಡಬ್ಬ ಗುಂಯ್ ಎಂದು ತಣ್ಣನೆ ಗಾಳಿ ಬಿಡುತ್ತಿದೆ, ಮಗುವಿನ ತಲೆ ಬರಿದು, ಕಾಲು ಬರಿದು. ಮೊಮ್ಮಗಳನ್ನು ಎತ್ತಿಕೊಂಡು ಮುಖ ನೋಡುವ ಮೊದಲು ಚಿಕ್ಕಮಾದಮ್ಮ ಮಾಡಿದ್ದು ಸೆರಗಿನಿಂದ ಅದರ ತಲೆ ಮುಚ್ಚಿದ್ದು.

"ಅವ್ವ, ಇಲ್ಲಿ ಅಂಗೆಲ್ಲ ಮುಚ್ಚಬಾರ್ದಂತೆ," ಎಂದಳು ಮಾನಸ.

"ಯಾರು ಏಳ್ದೋರು? ನಿನ್ನ ಎತ್ತಿ ಸಾಕ್ದೋಳು ನಾನು."

ಮೊದಮೊದಲು ಹೇಗೋ ನಡೆಯಿತು. ಮಗಳು ಕುಲಾವಿ ಬಿಚ್ಚುವಳು, ತಾಯಿ ಹಾಕುವಳು. ಶಂಕರ ಎಸಿ ಹಾಕುವನು, ಅವನು ಕೆಲಸಕ್ಕೆ ಹೋದ ಮೇಲೆ ಅತ್ತೆ ರಿಮೋಟು ಹುಡುಕುವಳು. ಸಂಜೆ ಅವಳು ಮೆಟ್ಟಿಲ ಹತ್ತಿರ ನಿಂತರೆ ಆ ಕಟ್ಟಡದವರೆಲ್ಲ ಎದುರಾಗುತ್ತಿದ್ದರು. ಕಾವಲುಗಾರ ಬಾಂಗ್ಲಾದೇಶದವನು. ಅವನ ಊರಲ್ಲಿ ವರ್ಷಕ್ಕೊಮ್ಮೆ ಹೊಳೆ ಬಂದು ಮನೆ ಹೊಲ ಎರಡನ್ನೂ ಒಯ್ಯುತ್ತದಂತೆ. ಎದುರುಮನೆಯಾಕೆ ಫಿಲಿಪ್ಪೀನ್ಸಿನವಳು. ಅಲ್ಲಿ ಸಮುದ್ರದಿಂದ ಗಾಳಿ ಎದ್ದರೆ ಸೂರು ಹಾರಿಹೋಗಿ ಪಕ್ಕದೂರಲ್ಲಿ ಬೀಳುತ್ತದಂತೆ, ಆ ಗಾಳಿಗೆ ಒಂದೊಂದು ಹೆಸರು ಬೇರೆ ಇಡುತ್ತಾರಂತೆ. ಅವಳ ಅಕ್ಕ ಕೆನಡಾದಲ್ಲಿದ್ದಾಳೆ. ಅಲ್ಲಿ ರೆಪ್ಪೆಯ ಮೇಲಿನ ನೀರೇ ಗಡ್ಡೆ ಕಟ್ಟುತ್ತದಂತೆ. ಶಂಕರ ಒಂದೊಂದನ್ನೂ ಕನ್ನಡ ಮಾಡಿ ಹೇಳಿದ. ಚಿಕ್ಕಮಾದಮ್ಮ ಮೂಗಿನ ಮೇಲೆ ಬೆರಳಿಟ್ಟು ಕೇಳಿದಳು.

"ಅಂಗಾರೆ ಆ ಊರಲ್ಲೆಲ್ಲ ಮಕ್ಕಳು ಎಂಗಪ್ಪ ಬದುಕ್ತವೆ?"

"ಅವರವರ ಊರಿಗೆ ತಕ್ಕಂಗೆ ಸಾಕ್ತಾರೆ ಅತ್ತೆ," ಎಂದ ಶಂಕರ.

ಆ ಮಾತು ಅವಳ ಕಿವಿಗೆ ಬಿತ್ತು, ಮನಸ್ಸಿಗೆ ಬೀಳಲಿಲ್ಲ. ಕೆನಡಾದ ಮಕ್ಕಳನ್ನು ಯಾರು ಬೆಚ್ಚಗೆ ಸುತ್ತಿಕೊಡುತ್ತಾರೋ ಪಾಪ ಎಂದು ಅವತ್ತೆಲ್ಲ ಅದನ್ನೇ ಯೋಚಿಸಿದಳು.

ಆ ಅನಾಹುತ ಆದದ್ದು ಒಂದು ಮಧ್ಯಾಹ್ನ. ಶಂಕರನಿಗೆ ಅದು ಬಿಡುವಿಲ್ಲದ ಕಾಲ. ಊರ ಎಸಿಗಳೆಲ್ಲ ಒಟ್ಟಿಗೆ ಕೆಡುವ ತಿಂಗಳು ಅದು. ಅವನು ಕೆಲಸದ ಮೇಲಿದ್ದ. ಮಾನಸ ಊಟ ಮಾಡಿ ಮಲಗಿದಳು. ಬಾಣಂತಿಯ ನಿದ್ದೆ, ಕಣ್ಣು ಮುಚ್ಚಿದ್ದೇ ತಡ ಲೋಕದ ಪರಿವೆ ಇಲ್ಲ. ಮಗು ಒಂದು ಸಲ ಸೀನಿತು. ಒಂದೇ ಸಲ. ಚಿಕ್ಕಮಾದಮ್ಮನಿಗೆ ಅಷ್ಟು ಸಾಕಾಯಿತು. ಎದ್ದು ಎಸಿ ಆರಿಸಿದಳು, ಕಿಟಕಿ ಬಾಗಿಲು ಭದ್ರ ಮಾಡಿದಳು, ಮಗುವಿಗೆ ಉಣ್ಣೆಯ ಸ್ವೆಟರು ಹಾಕಿದಳು, ಟೋಪಿ ಹಾಕಿದಳು, ಸೀರೆಯ ತುಂಡಿನಲ್ಲಿ ಎರಡು ಸುತ್ತು ಸುತ್ತಿದಳು, ಮೇಲೆ ತನ್ನ ಶಾಲು ಹೊದಿಸಿದಳು. ಮಗುವಿನ ಪಕ್ಕ ಕೂತು ಬೆನ್ನು ತಟ್ಟುತ್ತ, ಅಂತೂ ಹಾಯಾಗಿ ಮಲಗಿತಲ್ಲ ಎಂದು ತಾನೂ ಗೋಡೆಗೊರಗಿದಳು. ಹಿಂದಿನ ದಿನಗಳ ನಿದ್ದೆಗೇಡು ಬೇರೆ, ಅವಳಿಗೂ ಜೋಂಪು ಹತ್ತಿತು.

ಬೆವರಿನಲ್ಲಿ ತೊಯ್ದು ಮಾನಸ ಎದ್ದಾಗ ಕೋಣೆ ಕಾದ ಒಲೆಯಾಗಿತ್ತು. ಶಾಲು ತೆಗೆದು ನೋಡಿದರೆ ಮಗುವಿನ ಮುಖ ಕೆಂಪು ಕೆಂಪು, ಮೈ ಕೆಂಡ. ಅಳುತ್ತಲೂ ಇಲ್ಲ. ಎದೆಗೆ ಹಾಕಿಕೊಂಡರೆ ಬಾಯಿ ತೆರೆಯಲಿಲ್ಲ. "ಅವ್ವ, ಏನ್ ಮಾಡ್ದೆ ಅವ್ವ?" ಎಂದು ಮಾನಸ ಕೂಗಿದ್ದಕ್ಕೆ ಎದುರುಮನೆಯಾಕೆ ಓಡಿಬಂದಳು. ಫೋನು ಹೋದ ಕೂಡಲೇ ಯಾವುದೋ ಕಟ್ಟಡದ ತಾರಸಿಯಿಂದ ಶಂಕರ ಇಳಿದು ಬಂದ. ಕಾರಿನಲ್ಲಿ ಚಿಕ್ಕಮಾದಮ್ಮ ಹಿಂದಿನ ಸೀಟಿನ ಮೂಲೆಯಲ್ಲಿ ಮುದುಡಿ ಕೂತಳು.

ಆಸ್ಪತ್ರೆಯಲ್ಲಿ ಮಗುವನ್ನು ಒಳಗೆ ತೆಗೆದುಕೊಂಡು ಹೋದರು. ಬಟ್ಟೆ ಬಿಚ್ಚಿ, ಮೈ ತಣ್ಣಗೆ ಮಾಡಿ, ರಕ್ತ ತೆಗೆದು ನೋಡಿ, ಹಾಲು ಕುಡಿಸಿ, ಬೇರೆ ಏನೂ ಕಾಯಿಲೆಯಿಲ್ಲ ಎಂದು ಖಾತ್ರಿ ಮಾಡಿಕೊಂಡರು. ಕೇರಳದ ನರ್ಸೊಬ್ಬಳು ಹೊರಗೆ ಬಂದು ಈ ಮುದುಕಿಯ ಪಕ್ಕ ಕೂತಳು. ಹನಗೋಡಿನ ಕಡೆ ಶುಂಠಿ ಬೆಳೆಯಲು ಬರುವ ಕೇರಳದವರ ಹೊಲದಲ್ಲಿ ಚಿಕ್ಕಮಾದಮ್ಮ ಎಷ್ಟೋ ವರ್ಷ ಕೂಲಿ ಮಾಡಿದವಳು, ಆ ಭಾಷೆ ಅರ್ಧಂಬರ್ಧ ಅರ್ಥವಾಗುತ್ತಿತ್ತು. ಮಗು ಚೆನ್ನಾಗಿದೆ, ಸೆಕೆಗೆ ಆದದ್ದು, ಎಳೇ ಮಕ್ಕಳಿಗೆ ಬೆವರಿ ತಣ್ಣಗಾಗುವ ಶಕ್ತಿ ಇನ್ನೂ ಬಂದಿರುವುದಿಲ್ಲ, ಇನ್ನು ಮೇಲೆ ಸುತ್ತಬೇಡಿ ಅಮ್ಮಾ, ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಚಿಕ್ಕಮಾದಮ್ಮನಿಗೆ.

ಬೈದವಳು ಮಾನಸ. ಅದೂ ಜೋರಾಗಿ ಅಲ್ಲ. ಮನೆಗೆ ಬಂದು ಮಗುವನ್ನು ಮಲಗಿಸಿ, ಕೈ ಚಾಚಿದ ತಾಯಿಯನ್ನು ನೋಡದೆ ಹೇಳಿದಳು.

"ಅವ್ವ, ಇನ್ಮೇಲೆ ನೀನು ಮಗೂನ ಮುಟ್ಬೇಡ."

ಚಾಚಿದ ಕೈಯನ್ನು ಚಿಕ್ಕಮಾದಮ್ಮ ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡಳು. ಹನಗೋಡಿನ ಸುತ್ತಿನ ಅಷ್ಟೂ ಹಳ್ಳಿಗಳಲ್ಲಿ ಮಕ್ಕಳನ್ನು ತಂದು ತಂದು ಇದೇ ಕೈಗೆ ಕೊಟ್ಟಿದ್ದರು. ಬೇಡ ಎಂದವರು ಯಾರೂ ಇರಲಿಲ್ಲ. ಬೇಡ ಎಂದವಳು ಸ್ವಂತ ಮಗಳು, ಅವಳು ಹೇಳಿದ್ದರಲ್ಲಿ ತಪ್ಪೂ ಇರಲಿಲ್ಲ. ಅದೇ ಅವಳನ್ನು ಒಳಗೊಳಗೇ ಕೊರೆಯಿತು.

ಅಲ್ಲಿಂದ ಮುಂದೆ ಅವಳು ಅಡುಗೆಮನೆ ಬಿಟ್ಟು ಬರಲಿಲ್ಲ. ಮೆಣಸಿನ ಸಾರು ಮಾಡಿದಳು, ಬೆಳ್ಳುಳ್ಳಿ ಹುರಿದಳು, ಕೊಬ್ಬರಿ ತುರಿದಳು. ಮಗಳು ಉಂಡ ತಟ್ಟೆ ತೊಳೆದಳು. ಮಗುವಿನ ಸ್ನಾನ ಶಂಕರನ ಪಾಲಿಗೆ ಬಂತು. ಅವನು ಬೆಳಗ್ಗೆ ಕೆಲಸಕ್ಕೆ ಹೋಗುವ ಮೊದಲು ಪ್ಲಾಸ್ಟಿಕ್ ಟಬ್ಬು ಇಟ್ಟುಕೊಂಡು, ಎದುರಿಗೆ ಮೊಬೈಲು ನಿಲ್ಲಿಸಿಕೊಂಡು, ಅದರಲ್ಲಿ ಯಾರೋ ಬೊಂಬೆಗೆ ಸ್ನಾನ ಮಾಡಿಸುವುದನ್ನು ನೋಡಿ ನೋಡಿ ಮಾಡಿಸುತ್ತಿದ್ದ. ಗ್ಯಾಸು ತುಂಬಿದ ಸಿಲಿಂಡರನ್ನು ಹೆಗಲ ಮೇಲೆ ಹೊತ್ತು ಮೆಟ್ಟಿಲು ಹತ್ತುವವನು, ಮಗುವನ್ನು ಎತ್ತಲು ಹೆದರಿ ಬೆವರುತ್ತಿದ್ದ. ಮಗು ಕಿರುಚುತ್ತಿತ್ತು. ಕುತ್ತಿಗೆಯ ಕೆಳಗೆ ಕೈ ಸರಿಯಾಗಿ ಸಿಕ್ಕದ ಅಳು ಅದು ಎಂದು ಅಡುಗೆಮನೆಯಲ್ಲಿ ಕೂತಲ್ಲಿಂದಲೇ ಚಿಕ್ಕಮಾದಮ್ಮನಿಗೆ ಗೊತ್ತಾಗುತ್ತಿತ್ತು. ಎರಡು ಸಲ ಏಳಲು ಹೋಗಿ ಕೂತಳು. ಎದ್ದು ಏನು ಮಾಡುವುದು? ತನ್ನ ಕೈಯ ಮೇಲೆ ಅವಳಿಗೇ ನಂಬಿಕೆ ಹೋಗಿತ್ತು.

ಒಂದು ಬೆಳಗ್ಗೆ ಅವಳು ಅಳಿಯನಿಗೆ ಕಾಫಿ ಕೊಡುತ್ತ, "ಶಂಕ್ರಪ್ಪ, ನನ್ನ ಊರಿಗೆ ಕಳಿಸ್ಬುಡು" ಎಂದಳು.

"ಯಾಕತ್ತೆ? ಮಾನಸ ಏನೋ ಹೆದರಿ ಅಂದ್ಲು. ಮನಸ್ಸಲ್ಲಿ ಇಟ್ಕೋಬೇಡಿ."

"ಇಟ್ಕೊಂಡಿಲ್ಲ ಕಣಪ್ಪ. ಬಾಣಂತನ ಮಾಡಕ್ಕೆ ಬಂದೋಳು ನಾನು. ಮಗಾನ ಮುಟ್ದೆ ಬಾಣಂತನ ಎಂಗಾಯ್ತದೆ? ಅಡುಗೆ ಮಾಡಕ್ಕೆ ಇಷ್ಟು ದೂರ ಬರ್ಬೇಕಿತ್ತಾ?"

ಅವನು ರಜೆ ಸಿಕ್ಕ ದಿನ ನೋಡೋಣ ಎಂದು ಲೋಟ ಕೆಳಗಿಟ್ಟು ಹೋದ.

ಆ ಶುಕ್ರವಾರ ಅವನಿಗೆ ರಜೆ. ಬೆಳಗ್ಗೆ ದೊಡ್ಡಮಾದಯ್ಯ ಫೋನು ಮಾಡಿದ. ಅವನಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡುವ ಅಭ್ಯಾಸವೇ ಇಲ್ಲ. ಮಸ್ಕತ್ತು ದೂರ, ಅಷ್ಟು ದೂರ ಕೇಳಬೇಕಾದರೆ ಅಷ್ಟು ಜೋರಾಗಿಯೇ ಹೇಳಬೇಕು ಎಂಬುದು ಅವನ ಲೆಕ್ಕ. ಹಾಗಾಗಿ ಶಂಕರ ಹಜಾರದಲ್ಲಿ ಕೂತು ಮಾತಾಡುತ್ತಿದ್ದರೂ ಅಡುಗೆಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ಚಿಕ್ಕಮಾದಮ್ಮನಿಗೆ ಒಂದೊಂದು ಅಕ್ಷರವೂ ಕೇಳಿತು. ಹಿಂದೆ ಹೆಂಚಿನ ಮೇಲೆ ಮಳೆ ಬೀಳುವ ಸದ್ದೂ ಇತ್ತು.

"ಶಂಕ್ರಪ್ಪಾ, ನಿಮ್ಮತ್ತೆ ಮಗೀಗೆ ನೀರು ಹಾಕ್ತಾವ್ಳಾ? ಕೇಳುದ್ರೆ ಊ ಅಂತಾಳೆ. ಅವ್ಳ ಊ ನಂಗೆ ಗೊತ್ತಿಲ್ವಾ. ದಿಟ ಏಳು."

ಶಂಕರ ತಡವರಿಸಿ ನಡೆದದ್ದೆಲ್ಲ ಹೇಳಿದ.

"ಮಗ ಚೆನ್ನಾಗದಾ ಈಗ?"

"ಚೆನ್ನಾಗಿದೆ ಮಾವ."

"ಅವ್ಳದು ತಪ್ಪೇಯ ಕಣಪ್ಪ. ಇಲ್ಲ ಅನ್ನಕಿಲ್ಲ ನಾನು. ಆದ್ರೆ ಒಂದು ಮಾತು ನಿಮಗೆ ಗೊತ್ತಿರ್ಲಿ. ಮಾನಸಂಗೂ ನಾವು ಏಳಿಲ್ಲ. ನಮಗೆ ಮೊದ್ಲು ಒಂದು ಎಣ್ಮಗ ಆಗಿತ್ತು. ಇಂಗೇ ಆಷಾಢದ ಜಡಿ. ಸೂರೆಲ್ಲ ಸೋರ್ತಿತ್ತು, ಒಣಗಿರೋ ಬಟ್ಟೆ ಅಂತ ಮನೇಲಿ ಒಂದು ಚೂರಿರ್ಲಿಲ್ಲ. ಸೌದೆ ನೆಂದು ಒಲೇನೂ ಉರೀಲಿಲ್ಲ. ಮಗೀಗೆ ಉಸ್ರು ಕಟ್ಕೊಂತು. ಒಳೆ ತುಂಬಿ ಬಸ್ಸಿಲ್ಲ, ಎತ್ತಿನ ಗಾಡೀನೂ ದಾಟಕಿಲ್ಲ. ನನ್ನ ಅಂಗೀಲಿ ಸುತ್ತಿ ಎದೆಗವುಚ್ಕೊಂಡು ಕುಂತಿದ್ಲು. ಬೆಳಕರ್ಯೋ ಒತ್ಗೆ ಮಗ ತಣ್ಣಗಾಗೋಗಿತ್ತು. ಆಮ್ಯಾಕೂ ಕೊಡ್ಲಿಲ್ಲ ಕಣಪ್ಪ ಅವ್ಳು. ತಡೀರಿ ಬೆಚ್ಚಗಾಯ್ತದೆ, ತಡೀರಿ ಬೆಚ್ಚಗಾಯ್ತದೆ ಅಂತ ಉಜ್ತಾನೇ ಇದ್ಲು. ನಾನೇ ಕೈ ಬುಡಿಸ್ದೆ."

ಚಿಕ್ಕಮಾದಮ್ಮನ ಕೈಯಲ್ಲಿದ್ದ ಬೆಳ್ಳುಳ್ಳಿ ಹಾಗೇ ನಿಂತಿತು.

"ಆವತ್ತಿಂದ ಊರ ಮಕ್ಕಳನ್ನೆಲ್ಲ ಬೆಚ್ಚಗೆ ಮಾಡ್ತಾ ಅವ್ಳೆ. ಅಷ್ಟೇಯ. ನೋಡ್ಕಳಿ, ನಿಮ್ಮ ಮಗು, ನಿಮ್ಮಿಷ್ಟ. ಏಳ್ಬೇಕು ಅನ್ನುಸ್ತು," ಎಂದು ಅವನು ಫೋನಿಟ್ಟ.

ಇಷ್ಟು ವರ್ಷ ಅವಳು ಅಂದುಕೊಂಡಿದ್ದದ್ದೇ ಬೇರೆ. ಗಂಡಸು, ಮರೆತಿದ್ದಾನೆ ಎಂದುಕೊಂಡಿದ್ದಳು. ಮಗು ಹೋದ ಮಾರನೇ ದಿನವೇ ಅವನು ಹಾರೆ ಹೊತ್ತು ಕೆಲಸಕ್ಕೆ ಹೋಗಿದ್ದ, ಆಮೇಲೆ ಒಂದು ದಿನವೂ ಅದರ ಸುದ್ದಿ ಎತ್ತಿರಲಿಲ್ಲ. ಅದಕ್ಕಾಗಿ ಮನಸ್ಸಿನ ಯಾವುದೋ ಮೂಲೆಯಲ್ಲಿ ಅವನ ಮೇಲೆ ಒಂದು ಸಿಟ್ಟನ್ನು ಇಟ್ಟುಕೊಂಡೇ ಸಂಸಾರ ಮಾಡಿದ್ದಳು. ಈಗ ನೋಡಿದರೆ, ತಾನು ಆಡಿದ ಮಾತನ್ನು ಒಂದಕ್ಷರ ಬಿಡದೆ ಅವನು ಹೊತ್ತುಕೊಂಡು ಓಡಾಡಿದ್ದಾನೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಸದ್ದಿಲ್ಲದೆ ಅತ್ತಳು. ಅಳು ಮಗುವಿಗೋ, ಗಂಡನಿಗೋ, ತನಗೋ ಅವಳಿಗೇ ತಿಳಿಯಲಿಲ್ಲ.

ಮಾನಸ ಬಂದು ಪಕ್ಕದಲ್ಲಿ ಕೂತದ್ದು ಅವಳಿಗೆ ಗೊತ್ತಾಗಲಿಲ್ಲ. ಬಾಣಂತಿ ತಣ್ಣನೆಯ ನೆಲದ ಮೇಲೆ ಕೂರಬಾರದು. ಎಂದೂ ಬಿಡದೆ ಹೇಳುತ್ತಿದ್ದ ಆ ಮಾತನ್ನೂ ಚಿಕ್ಕಮಾದಮ್ಮ ಹೇಳಲಿಲ್ಲ.

"ಯಾಕವ್ವ ಏಳ್ಲಿಲ್ಲ ನಂಗೆ?"

"ಏನಂತ ಏಳ್ಲಿ ಕಣಮ್ಮಿ."

ಮಾನಸ ತಾಯಿಯ ಕೈ ಹಿಡಿದುಕೊಂಡಳು. ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. "ನಾಳೆ ನೀನೇ ನೀರು ಹಾಕು. ಅವರ ಕೈಲಿ ಮಗ ಕಿರುಚಿ ಕಿರುಚಿ ಸಾಯ್ತದೆ."

"ಬ್ಯಾಡ ಕಣಮ್ಮಿ. ಈ ಊರ ಹದ ನಂಗೊತ್ತಿಲ್ಲ."

"ತಿಳ್ಕೋ. ನಾನು ಪಕ್ಕದಲ್ಲೇ ಇರ್ತೀನಿ."

ಹದ ತಿಳಿಯಲು ಅವಳು ಮೊದಲು ಹೋದದ್ದು ಬಚ್ಚಲಿಗೆ. ತಣ್ಣೀರಿನ ನಲ್ಲಿ ಯಾವುದು ಎಂದು ಕೇಳಿ ಅದನ್ನು ತಿರುಗಿಸಿದಳು. ಕೈ ಸುಟ್ಟಿತು. ಇನ್ನೊಂದು ನಲ್ಲಿಯಿರಬೇಕು ಎಂದು ಮತ್ತೆ ನೋಡಿದಳು. ಶಂಕರ ಬಂದು ವಿವರಿಸಿದ: ತಾರಸಿಯ ಟ್ಯಾಂಕಿನ ನೀರು ಬಿಸಿಲಿಗೆ ಕಾದು ತಣ್ಣೀರ ನಲ್ಲಿಯಲ್ಲೇ ಬಿಸಿಯಾಗಿ ಬರುತ್ತದೆ. ಅದಕ್ಕೇ ಇಲ್ಲಿ ಬೇಸಿಗೆಯಲ್ಲಿ ಗೀಸರಿಗೆ ಕರೆಂಟು ಕೊಡುವುದಿಲ್ಲ. ಮನೆಯೊಳಗೆ ನೆರಳಲ್ಲಿ ಇರುವುದರಿಂದ ಗೀಸರಿನೊಳಗೆ ನಿಂತ ನೀರೇ ಸ್ವಲ್ಪ ತಣ್ಣಗಿರುತ್ತದೆ. ಬಿಸಿನೀರು ಬೇಕಾದರೆ ತಣ್ಣೀರ ನಲ್ಲಿ, ತಣ್ಣೀರು ಬೇಕಾದರೆ ಬಿಸಿನೀರ ನಲ್ಲಿ.

ಚಿಕ್ಕಮಾದಮ್ಮ ಬಹಳ ದಿನದ ಮೇಲೆ ನಕ್ಕಳು. "ಒಲೆ ಬ್ಯಾಡ, ಸೌದೆ ಬ್ಯಾಡ. ನಾನು ಹೊಗೆ ಕುಡ್ದು ಕುಡ್ದು ಕಣ್ಣು ಕಳ್ಕಂಡೆ, ಇಲ್ಲಿ ಸೂರ್ಯ ಪುಗಸಟ್ಟೆ ಕಾಯಿಸ್ಕೊಡ್ತಾನೆ ನೋಡು."

ಆದರೆ ಕಾದ ನೀರಿನಿಂದ ಅವಳಿಗೆ ಈಗ ಕೆಲಸವಿರಲಿಲ್ಲ. ಆ ಸಂಜೆ ಅಗಲವಾದ ಸ್ಟೀಲು ಬೋಗುಣಿಯಲ್ಲಿ ನೀರು ತುಂಬಿ, ತೆಳ್ಳನೆಯ ಬಟ್ಟೆ ಮುಚ್ಚಿ, ಎಸಿ ಇರುವ ಹಜಾರದ ನೆಲದ ಮೇಲೆ ಇಟ್ಟಳು. ಬೆಳಗಾಗುವ ಮೊದಲೇ ಎಚ್ಚರವಾಯಿತು. ಊರಲ್ಲಿ ಹಂಡೆಗೆ ಉರಿ ಹಾಕಲು ಏಳುತ್ತಿದ್ದ ಹೊತ್ತು ಅದು. ಹೋಗಿ ಮೊಣಕೈ ಅದ್ದಿದಳು. ನೀರು ತಣ್ಣಗೆ ಆರಿತ್ತು. ಇಂಥ ನೀರನ್ನು ಹನಗೋಡಿನಲ್ಲಿ ಯಾರಾದರೂ ಕೂಸಿನ ಮೈಗೆ ತಂದಿದ್ದರೆ ಅವರನ್ನು ಅವಳು ಬಚ್ಚಲಿಂದ ಆಚೆ ಅಟ್ಟುತ್ತಿದ್ದಳು. ನಲ್ಲಿಯಿಂದ ಒಂದು ಚೊಂಬು ಬಿಸಿ ಬೆರೆಸಿದಳು, ಮತ್ತೆ ಮೊಣಕೈ ಅದ್ದಿದಳು, ಇನ್ನರ್ಧ ಚೊಂಬು ಬೆರೆಸಿ ಕೈ ತಡೆದಳು. ಉಗುರುಬೆಚ್ಚಗೂ ಅಲ್ಲ, ತಣ್ಣಗೂ ಅಲ್ಲ. ಇದೇ ಇರಬೇಕು ಎಂದುಕೊಂಡಳು. ಬರೀ ಅಂದಾಜಿನ ಮೇಲೆ ಅಂದುಕೊಂಡದ್ದು, ಧೈರ್ಯದಿಂದ ಅಲ್ಲ.

ಮಣೆ ಇರಲಿಲ್ಲ, ಶಂಕರ ತನ್ನ ಉಪಕರಣದ ಪೆಟ್ಟಿಗೆಯ ಮೇಲೆ ಟವೆಲು ಹಾಸಿ ಕೊಟ್ಟ. ಅವಳು ಸೀರೆ ಎತ್ತಿಕಟ್ಟಿ, ಕಾಲು ನೀಡಿ ಕೂತಳು. ಮಾನಸ ಮಗುವನ್ನು ತಂದಳು, ಒಂದು ಗಳಿಗೆ ನಿಂತಳು, ಬಾಗಿ ತಾಯಿಯ ಕಾಲ ಮೇಲೆ ಮಲಗಿಸಿದಳು.

ಆ ತೂಕ ಕಾಲ ಮೇಲೆ ಬಿದ್ದದ್ದೇ ಕೈಗಳಿಗೆ ಎಲ್ಲ ನೆನಪಿಗೆ ಬಂತು. ಎಡಗೈ ತಾನೇ ಕುತ್ತಿಗೆಯ ಕೆಳಗೆ ಹೋಯಿತು, ಬಲಗೈ ಎಣ್ಣೆ ತೀಡಿತು. ಬೆನ್ನಿನ ಮೇಲೆ ಬೆವರುಸಾಲೆಯ ಕೆಂಪು ಗುಳ್ಳೆಗಳು ಇನ್ನೂ ಇದ್ದವು. ಅಲ್ಲಿ ಮಾತ್ರ ಅವಳು ಎಣ್ಣೆ ಮುಟ್ಟಿಸದೆ, "ನನ್ ತಪ್ಪು ಕಣವ್ವ" ಎಂದು ಮಗುವಿಗೆ ಮಾತ್ರ ಕೇಳುವಂತೆ ಹೇಳಿದಳು. ಆಮೇಲೆ ಚೊಂಬು ಎತ್ತಿದಳು. ಮೊದಲ ನೀರು ಕಾಲಿನ ಮೇಲೆ, ಆಮೇಲೆ ಹೊಟ್ಟೆ, ಆಮೇಲೆ ಎದೆ. ಮಗು ಅಳುತ್ತದೆ ಎಂದು ಎಲ್ಲರೂ ಕಾದರು. ಅದು ಅಳಲಿಲ್ಲ. ಬಾಯಿ ತೆರೆದು, ಆಕಳಿಸಿ, ಮುಷ್ಟಿ ಬಿಚ್ಚಿ, ನೀರಿಗೆ ಮೈ ಬಿಟ್ಟುಕೊಟ್ಟಿತು. ಬಾಗಿಲಲ್ಲಿ ನಿಂತಿದ್ದ ಶಂಕರ ಮೊಬೈಲನ್ನು ಜೇಬಿಗೆ ಹಾಕಿಕೊಂಡ.

ಒರೆಸಿ ಕೋಣೆಗೆ ತಂದಾಗ ಮಾನಸ ಮಂಚದ ಮೇಲೆ ಬಟ್ಟೆಗಳನ್ನು ಇಟ್ಟಿದ್ದಳು. ಕುಲಾವಿಯೂ ಇತ್ತು, ಸೀರೆಯ ತುಂಡುಗಳೂ ಇದ್ದವು. ಯಾವುದನ್ನು ತೆಗೆದುಕೊಳ್ಳಬೇಕೆಂದು ಅವಳು ಹೇಳಲಿಲ್ಲ, ನೋಡುತ್ತ ಕೂತಳು. ಗೋಡೆಯ ಮೇಲಿನ ಎಸಿ ಗುಂಯ್ ಎನ್ನುತ್ತಿತ್ತು. ಚಿಕ್ಕಮಾದಮ್ಮನ ಕೈ ಕುಲಾವಿಯ ತನಕ ಹೋಗಿ, ಅದನ್ನು ಮುಟ್ಟಿ, ವಾಪಸು ಬಂತು. ಒಂದು ತೆಳು ತುಂಡು ಎಳೆದುಕೊಂಡು ಮಗುವಿನ ನಡುವಿಗೆ ಸುತ್ತಿದಳು, ಅಷ್ಟೇ. ಬರಿತಲೆ, ಬರಿಗಾಲು. ಗಾಳಿ ನೇರವಾಗಿ ಬೀಳದಂತೆ ಎಸಿಗೆ ಬೆನ್ನು ಮಾಡಿ ಕೂತು ಮೊಮ್ಮಗಳನ್ನು ಮಡಿಲಿಗೆ ಹಾಕಿಕೊಂಡಳು.

ಮಗುವಿಗೆ ಮಡಿಲಲ್ಲೇ ನಿದ್ದೆ ಬಂತು. ತಣ್ಣನೆಯ ಗಾಳಿಯೆಲ್ಲ ಚಿಕ್ಕಮಾದಮ್ಮನ ಬೆನ್ನಿನ ಮೇಲೆ. ಕುತ್ತಿಗೆಯ ಕೂದಲು ನಿಮಿರಿ ನಿಂತಿತ್ತು, ಹಲ್ಲು ಕಟಕಟ ಎನ್ನುತ್ತಿತ್ತು. ಅವಳು ಕಾಲ ಬೆರಳಿನಿಂದಲೇ ಗುರುಪುರದ ಶಾಲನ್ನು ಹತ್ತಿರ ಎಳೆದುಕೊಂಡಳು. ಶಂಕರ ಅದನ್ನು ಅವಳ ಹೆಗಲಿಗೆ ಹೊದಿಸಿ, ರಿಮೋಟಿಗೆ ಕೈ ಹಾಕಿದ.

"ನೀವು ನಡುಗ್ತಾ ಇದೀರಿ ಅತ್ತೆ. ಎಸಿ 'ಆಫ್' ಮಾಡ್ಲಾ?"

ಅವಳು ಮಗುವಿನ ಎದೆಯ ಮೇಲೆ ಅಂಗೈ ಇಟ್ಟು ನೋಡಿದಳು. ಎದೆ ಹದವಾಗಿ ಏರಿ ಇಳಿಯುತ್ತಿತ್ತು. ಮೈ ಬೆಚ್ಚಗಿತ್ತು, ಎಷ್ಟು ಬೆಚ್ಚಗಿರಬೇಕೋ ಅಷ್ಟು.

"ಬ್ಯಾಡ ಕಣಪ್ಪ, ಇರ್ಲಿ ಬುಡು," ಎಂದಳು ಚಿಕ್ಕಮಾದಮ್ಮ. "ಮಗೀಗೆ ಹಿತವಾಗದೆ. ಥಂಡಿ ನಂಗಾಗ್ಲಿ."